ಬಂಗಾರೆವ್ವನ ಕರಿಬೇವಿನ ಕೊಲೆ ಮೊಕದ್ದಮೆ

“ಫಸ್ಟ್ ಡಿಗ್ರಿ ಅಂತೂ ಅಲ್ಲವೇ ಅಲ್ಲ ಕಣೇ, ಆ ಭಯ ಬಿಟ್ಬಿಡು,” ಎಂದ ಶಿವಪ್ರಸಾದ, ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು. “ಫಸ್ಟ್ ಡಿಗ್ರಿ ಮರ್ಡರ್ ಆಗ್ಬೇಕಾದ್ರೆ ಮೊದಲೇ ಯೋಚ್ನೆ ಮಾಡಿರ್ಬೇಕು. ಕೊಂದ್ರೆ ಏನು, ಬಿಟ್ರೆ ಏನು, ಎರಡನ್ನೂ ತೂಗಿ ನೋಡಿ, ಆಮೇಲೆ ಸರಿ ಅಂತ ತೀರ್ಮಾನ ಮಾಡಿ ಕೊಂದಿರ್ಬೇಕು. ನೀನು ಹಾಗೇನೂ ಮಾಡಿಲ್ವಲ್ಲ?”

“ರೀ, ಅದು ಗಿಡ,” ಎಂದಳು ಅವನ ಹೆಂಡತಿ ವಸುಧಾ.

“ಸತ್ತಿದೆ ತಾನೇ?”

ಸತ್ತಿತ್ತು. ಆ ಬಗ್ಗೆ ವಸುಧಾಳಿಗೂ ಅನುಮಾನವಿರಲಿಲ್ಲ. ಕೆಲವೇ ತಿಂಗಳ ಹಿಂದೆ ಎದೆಮಟ್ಟ ನಿಂತು, ಹಾದುಹೋಗುವವರ ತೋಳು ಸೋಕಿದರೆ ಸಾಕು, ಇಡೀ ಹಾಲಿಗೆ ಒಗ್ಗರಣೆಯ ಘಮ ಹರಡುತ್ತಿದ್ದ ಕರಿಬೇವಿನ ಗಿಡ ಅದು. ಈಗ ಸ್ಯಾನ್ ಮಟಿಯೋದ ಅವರ ಅಪಾರ್ಟ್‌ಮೆಂಟಿನ ದೊಡ್ಡ ಕಿಟಕಿಯ ಪಕ್ಕದಲ್ಲಿ, ಬಟ್ಟೆ ಹಾರಿಹೋಗಿ ಕಡ್ಡಿ ಮಾತ್ರ ಉಳಿದ ಛತ್ರಿಯ ಹಾಗೆ ನಿಂತಿತ್ತು. ತಮ್ಮದೇ ಗಿಡವಾಗಿದ್ದರೆ ಕಸಕ್ಕೆ ಹಾಕಿ, ಒಂದು ದಿನ ಬೇಜಾರು ಮಾಡಿಕೊಂಡು ಮರೆಯಬಹುದಿತ್ತು. ಗಿಡ ಬಂಗಾರೆವ್ವನದು, ಊರಿಗೆ ಹೋಗುವಾಗ ನೋಡಿಕೋ ಎಂದು ಬಿಟ್ಟುಹೋದದ್ದು. ಬಂಗಾರೆವ್ವ ಊರಿನಿಂದ ನಿನ್ನೆ ಬಂದಿಳಿದಿದ್ದಳು. ಇವತ್ತು ಮಧ್ಯಾಹ್ನ ಅದನ್ನು ಒಯ್ಯಲು ಬರುವವಳಿದ್ದಳು.

ಬಂಗಾರೆವ್ವ ಜಮಖಂಡಿಯ ಕಡೆಯವಳು. ಕೊಲ್ಲಿಯ ಸೇತುವೆ ದಾಟಿ ಹೋಗಬೇಕಾದ ವಾಲ್ನಟ್ ಕ್ರೀಕಿನಲ್ಲಿ ಮಗ ಅನಿಕೇತನ ಜೊತೆ ಇರುತ್ತಾಳೆ. ಅನಿಕೇತನ ಆಫೀಸು ಇರುವುದು ಸ್ಯಾನ್ ಮಟಿಯೋದಲ್ಲಿ. ವಾರವೆಲ್ಲ ಮನೆಯಿಂದಲೇ ಕೆಲಸ, ಶುಕ್ರವಾರ ಮಾತ್ರ ಹೋಗಿ ಮುಖ ತೋರಿಸಬೇಕು. ಹಾಗೆ ಬರುವಾಗ ತಾಯಿಯನ್ನು ಬೆಳಿಗ್ಗೆ ವಸುಧಾಳ ಮನೆಯಲ್ಲಿ ಇಳಿಸಿ ಸಂಜೆ ಕರೆದುಕೊಂಡು ಹೋಗುವುದು ಯಾವಾಗಲೋ ಶುರುವಾಗಿ ಪದ್ಧತಿಯೇ ಆಗಿಹೋಗಿತ್ತು. ಬಂದವಳು ಚಪ್ಪಲಿ ಬಿಡುವ ಮೊದಲೇ ಬೈಯಲು ಶುರು ಮಾಡುತ್ತಿದ್ದಳು. ಯಾಕ ಇಷ್ಟ ಸಣ್ಣಾಗೀದಿ, ತಲಿಗೆ ಎಣ್ಣಿ ಕಂಡು ಎಷ್ಟ ದಿನಾ ಆತು, ಈ ಪಡದೆ ಯಾವಾಗ ಒಗದೀದಿ. ಆಮೇಲೆ ಇಬ್ಬರೂ ಸೇರಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಅಂದರೆ ಬಂಗಾರೆವ್ವ ಬಡಿಯುತ್ತಿದ್ದಳು. ಮೈಸೂರಿನ ವಸುಧಾ ಹರಿದ ರೊಟ್ಟಿ ಮಾಡಿ ನಗಿಸುತ್ತಿದ್ದಳು. ಈ ದೇಶದಲ್ಲಿ ವಸುಧಾಳಿಗೆ ಮರ್ಯಾದೆ ಕೊಡುವವರು ಬೇಕಾದಷ್ಟು ಜನ ಇದ್ದರು, ಬೈಯುವವಳು ಇವಳೊಬ್ಬಳೇ. ಗಿಡದ ಗತಿ ತಿಳಿದ ಮೇಲೆ ಆ ಶುಕ್ರವಾರ ಇರುತ್ತದೋ ಹೋಗುತ್ತದೋ ಎಂಬುದು ಬೆಳಗಿನಿಂದ ಅವಳ ಚಿಂತೆ.

ಶಿವಪ್ರಸಾದನ ತಲೆ ತುಂಬ ಇದ್ದದ್ದೇ ಬೇರೆ. ರೆಡ್‌ವುಡ್ ಸಿಟಿಯ ಕೋರ್ಟಿನಲ್ಲಿ, ಸಾಮಾನ್ಯ ನಾಗರಿಕರೇ ಕೂತು ತೀರ್ಪು ಕೊಡುವ ಜ್ಯೂರಿ ಕೆಲಸ ಮುಗಿಸಿ ಬಂದು ಅವನಿಗಿನ್ನೂ ವಾರವಾಗಿರಲಿಲ್ಲ. ಸಿಟಿಜನ್ ಆದಮೇಲೆ ಬಂದ ಮೊದಲ ಕರೆ. ಹೋಗಿ ಕೂತದ್ದು ಕೊಲೆ ಕೇಸಿಗೆ. ಮುಗಿಯುವವರೆಗೆ ಕಟ್ಟಿಕೊಂಡ ಹೆಂಡತಿಯ ಹತ್ತಿರವೂ ಕೇಸಿನ ಸುದ್ದಿ ಎತ್ತಕೂಡದು ಎಂದು ಜಡ್ಜು ಹೇಳಿದ್ದರು. ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದರೆ ಅದನ್ನೇ ಎರಡು ದಿನ ವರ್ಣಿಸುವ ಮನುಷ್ಯ, ಕೊಲೆಯಂಥ ಕೊಲೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಹವಾಮಾನದ ಬಗ್ಗೆ ಮಾತಾಡಿ ಮಲಗುತ್ತಿದ್ದ. ತೀರ್ಪು ಬಂತು, ಬಾಯಿಯ ಬೀಗ ತೆರೆಯಿತು. ಅಂದಿನಿಂದ ಒಲೆಯ ಮೇಲೆ ಹಾಲು ಉಕ್ಕಿದರೆ ಅದು ‘ಇನ್‌ವಾಲಂಟರಿ ಮ್ಯಾನ್‌ಸ್ಲಾಟರ್’. ಪಕ್ಕದ ಮನೆಯವನು ಪಾರ್ಕಿಂಗಿನಲ್ಲಿ ಇವರ ಕಾರಿಗೆ ಗೀರು ಹಾಕಿದರೆ ‘ಇಂಟೆಂಟ್ ಇಲ್ಲ, ಬರೀ ನೆಗ್ಲಿಜೆನ್ಸು’. ವಸುಧಾ ಅವನ ಹಳೇ ಸ್ವೆಟರನ್ನು ದಾನದ ಪೆಟ್ಟಿಗೆಗೆ ಹಾಕಿದ್ದು ಮಾತ್ರ ಶುದ್ಧ ಫಸ್ಟ್ ಡಿಗ್ರಿ, ಅದಕ್ಕೆ ಅಪೀಲಿಲ್ಲ.

“ಮತ್ತೆ ಸೆಕೆಂಡ್ ಡಿಗ್ರಿ ಅಂದ್ರೆ?” ಎಂದು ಕೇಳಿಬಿಟ್ಟಳು ವಸುಧಾ. ಕೇಳಿದ ಮೇಲೆ, ಯಾಕಾದರೂ ಕೇಳಿದೆನೋ ಅನ್ನಿಸಿತು.

“ಹಾ! ಮಜಾ ಇರೋದೇ ಅಲ್ಲಿ.” ಶಿವಪ್ರಸಾದ ಮಂಡಿ ಹಿಡಿದುಕೊಂಡು ಎದ್ದು ನಿಂತ. “ಸೆಕೆಂಡ್ ಡಿಗ್ರಿಲಿ ಪ್ಲಾನು ಗೀನು ಇರಲ್ಲ. ಕೊಲ್ಬೇಕು ಅಂತ ಆಗಿಂದಾಗ್ಲೇ ಅನ್ಸಿ ಕೊಂದ್ರೂ ಸೆಕೆಂಡ್ ಡಿಗ್ರಿನೇ. ಇನ್ನೊಂದು ಥರಾನೂ ಇದೆ. ಕೊಲ್ಲೋ ಆಸೆ ಏನಿಲ್ಲ, ಆದ್ರೆ ಹಿಂಗ್ ಮಾಡಿದ್ರೆ ಜೀವ ಹೋಗ್ಬಹುದು ಅಂತ ಗೊತ್ತಿದೆ. ಗೊತ್ತಿದ್ದೂ, ಹೋದ್ರೆ ಹೋಗ್ಲಿ ಅಂತ ಮಾಡಿಬಿಡೋದು. ಗೊತ್ತಿತ್ತಾ, ಇರ್ಲಿಲ್ವಾ? ಎಲ್ಲಾ ಅದರ ಮೇಲೆ ನಿಂತಿರೋದು. ಗೊತ್ತಿಲ್ದೆ, ಇರಬೇಕಾದ ಎಚ್ಚರ ಇಲ್ದೆ ಆದ್ರೆ ಇನ್‌ವಾಲಂಟರಿ ಮ್ಯಾನ್‌ಸ್ಲಾಟರ್. ನಿನ್ನ ಕೇಸು ಅದು. ಕಣ್ಮುಚ್ಚಿ ಹೇಳ್ತೀನಿ.”

ವಸುಧಾ ಕಿಟಕಿಯಾಚೆ ನೋಡಿದಳು. ಗೊತ್ತಿತ್ತಾ ಎನ್ನುವ ಮಾತು ಕಾದೆಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಅವಳೊಳಗೆ ಸಿಡಿಯಿತು.

ಆದದ್ದು ಹೀಗೆ. ಊರಿಗೆ ಹೊರಡುವಾಗ ಬಂಗಾರೆವ್ವ, “ಆಗಾಗ ಹುಳಿ ಮಜ್ಜಿಗಿ ಹಾಕು ಯವ್ವಾ, ಕರಿಬೇವಿಗೆ ಮಜ್ಜಿಗಿ ಅಂದ್ರ ಜೀವಾ,” ಎಂದು ಹೇಳಿಹೋಗಿದ್ದಳು. ರಾಮನವಮಿಗೆ ಸ್ನೇಹಿತರನ್ನು ಕರೆದು ಪಾನಕ, ಕೋಸಂಬರಿ, ನೀರುಮಜ್ಜಿಗೆ ಕೊಡುವುದು ಇವರ ಮನೆಯ ರೂಢಿ. ಈ ಸಲ ಮಧ್ಯಾಹ್ನ ಮಳೆ ಹಿಡಿದು, ಫ್ರೀವೇಯಲ್ಲಿ ಟ್ರಾಫಿಕ್ ಕಟ್ಟಿಕೊಂಡು, ಅರ್ಧ ಜನ ಬರಲೇ ಇಲ್ಲ. ಒಗ್ಗರಣೆಯೂ ಕಾಣದ ಮಜ್ಜಿಗೆ ದೊಡ್ಡ ಪಾತ್ರೆಯ ತುಂಬ ಉಳಿಯಿತು. ಮೊಸರು ಕಡೆದು ಅದನ್ನು ಮಾಡಿದವನು ಶಿವಪ್ರಸಾದ. ವಸುಧಾಳ ತವರಿನಲ್ಲಿ ಉಪ್ಪು ಹಾಕುವುದು ಲೋಟಕ್ಕೆ ಬಗ್ಗಿಸುವ ಹೊತ್ತಿಗೆ. ಇವನ ಕಡೆಯವರು ಪಾತ್ರೆಗೇ ಮುಷ್ಟಿಗಟ್ಟಲೆ ಸುರಿದುಬಿಡುತ್ತಾರೆ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಹೊತ್ತಿಗೆ ಅದು ಅವಳಿಗೆ ಹೊಳೆಯಲಿಲ್ಲ. ಹುಳಿ ಬಂದ ಮಜ್ಜಿಗೆ ಚೆಲ್ಲುವುದೇಕೆ ಎಂದು ದಿನಕ್ಕೊಂದು ಚೊಂಬು ಗಿಡಕ್ಕೆ ಸುರಿದಳು.

ಇಷ್ಟು ಶಿವಪ್ರಸಾದನಿಗೂ ತಿಳಿದಿತ್ತು. “ಉಪ್ಪು ನಂದು, ಚೊಂಬು ನಿಂದು, ಹಾಗಾಗಿ ನಾನೂ ಆರೋಪಿನೇ,” ಎಂದು ತುಸು ಹೆಮ್ಮೆಯಿಂದಲೇ ಹೇಳಿಕೊಂಡಿದ್ದ. ಅವನಿಗೆ ತಿಳಿಯದ್ದು ಒಂದಿತ್ತು. ಪಾತ್ರೆ ಇನ್ನೂ ಅರ್ಧ ಖಾಲಿಯಾಗಿರಲಿಲ್ಲ, ಒಂದು ದಿನ ಚೊಂಬು ತುಳುಕಿ ಅವಳ ಬೆರಳ ಮೇಲೆ ಮಜ್ಜಿಗೆ ಬಿತ್ತು. ನೆಕ್ಕಿದಳು. ಉಪ್ಪು! ಅಷ್ಟರಲ್ಲಿ ಬಂಗಾರೆವ್ವನ ವಿಡಿಯೋ ಕಾಲು. “ಎಲ್ಲೈತಿ ನನ್ನ ಗಿಡಾ, ತೋರಸು.” ದಿನಾ ಇದೇ. ಹೆಂಗಿದ್ದಿ ಅಂತಿಲ್ಲ, ಉಂಡಿ ಏನು ಅಂತಿಲ್ಲ. ಅವತ್ತು ವಸುಧಾಳಿಗೆ ಜ್ವರ, ಗಂಟಲು ಕಟ್ಟಿ ಕಪ್ಪೆಯ ದನಿಯಾಗಿತ್ತು. ಬಂಗಾರೆವ್ವ, “ಎಲಿ ತಿರುವಿ ಹಿಂದ ತೋರಸು, ಹುಳಾ ಗಿಳಾ ಆಗೇದೇನ ನೋಡೂಣು,” ಎಂದಳು. ಎಲೆ ತಿರುವಿ ತೋರಿಸಿ, ಫೋನು ಇಟ್ಟು, ವಸುಧಾ ಒಮ್ಮೆ ಚೊಂಬನ್ನು ನೋಡಿದಳು, ಒಮ್ಮೆ ಗಿಡವನ್ನು ನೋಡಿದಳು. ‘ಸತ್ತರೆ ಸಾಯಿ ಅತ್ತ,’ ಎಂದು ಬಾಯಿಬಿಟ್ಟೇ ಹೇಳಿ, ಸುರಿದಳು. ಮರುದಿನವೂ ಸುರಿದಳು. ಪಾತ್ರೆ ಖಾಲಿಯಾಗುವವರೆಗೂ ಸುರಿದಳು.

“ಇದೇನೇ ಇದು?”

ಶಿವಪ್ರಸಾದ ಒಣಗಿದ ಕೊಂಬೆಯಿಂದ ಏನನ್ನೋ ಬಿಡಿಸುತ್ತಿದ್ದ. ಕಪ್ಪಗೆ ಮುದುರಿದ ಕರಿಬೇವಿನ ಒಂದು ಕಡ್ಡಿ. ಅದಕ್ಕೆ ಸುತ್ತಿದ ಕೆಂಪು ದಾರ.

“ಗ್ರೋಸರಿಯಿಂದ ತಂದಿದ್ದು,” ಎಂದಳು ವಸುಧಾ, ನೆಲ ನೋಡುತ್ತ. “ಎಲೆ ಎಲ್ಲ ಉದುರಿಹೋಗಿತ್ತಲ್ಲ. ವಿಡಿಯೋ ಕಾಲ್ ಬರೋ ಮುಂಚೆ ನಾಲ್ಕು ಕಡ್ಡಿ ಕಟ್ಟಿಬಿಡ್ತಿದ್ದೆ. ದೂರದಿಂದ ತೋರಿಸ್ತಿದ್ದೆ.”

ಶಿವಪ್ರಸಾದ ಕಣ್ಣು ಮುಚ್ಚಿಕೊಂಡ. “ಎವಿಡೆನ್ಸ್ ಟ್ಯಾಂಪರಿಂಗ್.”

“ಮತ್ತೇನ್ರೀ ಮಾಡ್ಲಿ?”

“ಮನಸ್ಸಲ್ಲಿ ಅಳುಕು ಇರೋರು ಮಾತ್ರ ಹಿಂಗ್ ಮಾಡೋದು ಅಂತ ಪ್ರಾಸಿಕ್ಯೂಟರ್ ಎದ್ದು ನಿಂತು ಹೇಳ್ತಾಳೆ.”

“ಯಾವ ಪ್ರಾಸಿಕ್ಯೂಟರ್ ರೀ? ಬರೋದು ಬಂಗಾರೆವ್ವ!”

“ಅದಕ್ಕೇ ಹೇಳ್ತಿರೋದು. ನೀನು ಬಾಯಿ ಬಿಡ್ಬೇಡ. ಆರೋಪಿ ಮಾತಾಡ್ಲೇಬೇಕು ಅಂತ ಕಾನೂನಿಲ್ಲ. ಎಲ್ಲಾ ನಾನು ಮಾತಾಡ್ತೀನಿ.”

“ನನ್ನ ಭಯಾನೂ ಅದೇ.”

ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಗಳು ಮಾನ್ಯಾ ಅಷ್ಟರಲ್ಲಿ ಫೋನು ಮಾಡಿದಳು. ವಸುಧಾ ಅಡುಗೆಮನೆಗೆ ಹೋಗಿ ಪಿಸುಮಾತಿನಲ್ಲಿ ಎಲ್ಲ ಹೇಳಿದಳು, ನೆಕ್ಕಿದ್ದೊಂದು ಬಿಟ್ಟು. ಆ ಕಡೆಯಿಂದ, “ಅಮ್ಮಾ, ಇಟ್ಸ್ ಎ ಪ್ಲಾಂಟ್. ಜಸ್ಟ್ ಟೆಲ್ ಹರ್,” ಎಂದಳು ಮಾನ್ಯಾ. ಆಮೇಲೆ, “ಈಸ್ ಅಪ್ಪ ಡೂಯಿಂಗ್ ದಿ ಕೋರ್ಟ್ ಥಿಂಗ್ ಅಗೇನ್?” ಎಂದಳು. ಹೂಂ ಎಂದಳು ವಸುಧಾ. “ಗುಡ್ ಲಕ್,” ಎಂದು ಫೋನು ಇಟ್ಟಳು ಮಗಳು.

ಹಾಲಿಗೆ ವಾಪಸು ಬಂದರೆ ಶಿವಪ್ರಸಾದ ತನ್ನ ಬಿಳಿ ಪಂಚೆಯೊಂದನ್ನು ತಂದು ಗಿಡಕ್ಕೆ ಹೊದಿಸಿದ್ದ. ಬಂದವರಿಗೆ ಬಾಗಿಲಲ್ಲೇ ಆಘಾತವಾಗಬಾರದಂತೆ. ಮೊದಲೇ ಸತ್ತಿದ್ದ ಗಿಡ ಈಗ ನಿಜವಾಗಿ ಹೆಣದ ಹಾಗೆ ಕಾಣತೊಡಗಿತ್ತು.

ಬಂಗಾರೆವ್ವ ಬಂದಳು. ಹಿಂದೆ ಅನಿಕೇತ, ಕೈಯಲ್ಲಿ ಕರದಂಟು, ಶೇಂಗಾ ಚಟ್ನಿಯ ಚೀಲ. ಸೀರೆಯ ಮೇಲೊಂದು ಉಣ್ಣೆಯ ಕೋಟು ತೊಟ್ಟಿದ್ದ ಬಂಗಾರೆವ್ವ ಚಪ್ಪಲಿ ಬಿಟ್ಟಳು. ಬೈಯಲಿಲ್ಲ. ಒಳಗೆ ಬಂದು ಸೋಫಾದಲ್ಲಿ ಕೂತಳು. ಆಗಲೂ ಬೈಯಲಿಲ್ಲ.

“ಅದೇನದು,” ಎಂದಳು ಬಂಗಾರೆವ್ವ ಕೊನೆಗೆ, “ಧೋತರಾ ಉಟ್ಕೊಂಡು ಮೂಲ್ಯಾಗ ನಿಂತದ್ದು?”

“ಅಮ್ಮ, ಅದಕ್ಕೆ ಮುಂಚೆ ಒಂದೆರಡು ವಿಷಯ ತಿಳ್ಕೋಬೇಕು,” ಎಂದು ಶಿವಪ್ರಸಾದ ಎದ್ದು ನಿಂತ. ಕೋಟಿನ ಗುಂಡಿ ಹಾಕಿಕೊಳ್ಳುವವನಂತೆ ಟೀಶರ್ಟಿನ ಮೇಲೆ ಕೈ ಆಡಿಸಿದ. “ಸಾವು ಅಂದ ತಕ್ಷಣ ಎಲ್ಲಾ ಒಂದೇ ಅಲ್ಲ…”

“ಧೋತರಾ ತಗಿ.”

ತೆಗೆದ. ಅನಿಕೇತ “ಅಯ್ಯಯ್ಯೋ” ಎಂದು, ತಕ್ಷಣ ಫೋನು ತೆಗೆದು ಬಹಳ ಮುಖ್ಯವಾದದ್ದೇನನ್ನೋ ನೋಡುವವನಂತೆ ತಲೆ ತಗ್ಗಿಸಿದ. ಬಂಗಾರೆವ್ವ ಕೂತಲ್ಲಿಂದ ಏಳಲಿಲ್ಲ. ಶಿವಪ್ರಸಾದ ವಾದ ಶುರು ಮಾಡಿದ. ಮೊದಲೇ ಯೋಚಿಸಿ ಮಾಡಿದ ಕೊಲೆ ಒಂದು. ಯೋಚನೆಯಿಲ್ಲದಿದ್ದರೂ ಕೇಡಿನ ಮನಸ್ಸಿಟ್ಟು ಮಾಡಿದ್ದು ಇನ್ನೊಂದು. ಯಾರೋ ಕೆಣಕಿ, ರಕ್ತ ಕುದಿದು, ವಿವೇಕ ತಪ್ಪಿದ ಹೊತ್ತಿನಲ್ಲಿ ಮಾಡಿದ್ದು ಮತ್ತೊಂದು. ಅದನ್ನು ಕೊಲೆಯ ಲೆಕ್ಕಕ್ಕೆ ಸೇರಿಸುವುದಿಲ್ಲ, ವಾಲಂಟರಿ ಮ್ಯಾನ್‌ಸ್ಲಾಟರ್ ಎನ್ನುತ್ತಾರೆ. ಕೊನೆಯದು ಬರೀ ಅಜಾಗರೂಕತೆ, ನಮ್ಮ ವಸುಧಾಳಂಥವರದು. ಹೇಳುತ್ತ ಹೇಳುತ್ತ ಅವನ ದನಿ ಏರಿತು. ರೆಡ್‌ವುಡ್ ಸಿಟಿಯಲ್ಲಿ ಕೇಳುತ್ತ ಕೂತಿದ್ದವನು ಇಲ್ಲಿ ಹೇಳುವವನಾಗಿದ್ದ.

ಬಂಗಾರೆವ್ವ ಗಲ್ಲಕ್ಕೆ ಕೈಯಿಟ್ಟು ನಿಜವಾಗಿಯೂ ಕೇಳುತ್ತಿದ್ದಳು.

“ಅಂದ್ರ ತಮ್ಮಾ, ಸತ್ತಾಂವ ಹ್ಯಾಂಗ ಸತ್ತರೂ ಸತ್ತಾಂವನ. ಕೊಂದಾಂವನ ಮನಸ ನೋಡಿ ನೀವು ಹೆಸರ ಇಡತೀರಿ.”

“ಎಕ್ಸ್ಯಾಕ್ಟ್ಲಿ, ಅಮ್ಮ! ಎಷ್ಟು ಚೆನ್ನಾಗಿ ಹೇಳಿದ್ರಿ!”

“ಮನಸ ಹ್ಯಾಂಗ ನೋಡಿದ್ರಿ?”

ಶಿವಪ್ರಸಾದ ಪಂಚೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. “ಅಂದ್ರೆ… ಸಾಕ್ಷಿ ಇರುತ್ತ. ಏನ್ ಮಾಡಿದ, ಏನ್ ಹೇಳಿದ, ಅದರಿಂದ ಊಹೆ…”

“ನಿಮ್ಮ ಕೇಸಿನ್ಯಾಗ ಏನಾಗಿತ್ತ?”

“ಇಬ್ರು ಫ್ರೆಂಡ್ಸು. ಒಂದೇ ಟೈರ್ ಅಂಗಡಿಲಿ ಕೆಲಸ. ನಮ್ಮ ಆರೋಪಿ ಇದಾನಲ್ಲ, ಇವನ ತಮ್ಮ ಸತ್ತು ಸ್ವಲ್ಪ ದಿನ ಆಗಿತ್ತು. ಅವನು ಆ ತಮ್ಮನ ಬಗ್ಗೆ ಏನೋ ಕೆಟ್ಟ ಜೋಕ್ ಮಾಡ್ದ. ಇವನು ಕಬ್ಬಿಣದ ರಾಡು ತಗೊಂಡು…” ಅವನ ದನಿಯಲ್ಲಿದ್ದ ವಕೀಲ ಎಲ್ಲಿಗೋ ಎದ್ದು ಹೋಗಿದ್ದ. “ಒಂದೇ ಏಟು. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದ್ದೂ ಇವನೇ. ನಾವು ಹನ್ನೆರಡು ಜನ ಕೂತು ಕಿತ್ತಾಡಿದ್ವಿ. ಮೊದಲು ನಾನು ಸೆಕೆಂಡ್ ಡಿಗ್ರಿ ಅಂದೆ. ಆಮೇಲೆ ಇಲ್ಲ ಅಂದೆ. ಕೊನೆಗೆ ಎಲ್ಲರೂ ಮ್ಯಾನ್‌ಸ್ಲಾಟರಿಗೆ ಒಪ್ಪಿದ್ವಿ.”

“ತೀರ್ಪ ಹೇಳಿದಾಗ ಆ ಮನಷ್ಯಾ ಏನ ಮಾಡಿದಾ?”

ಐದು ದಿನ ಬಿಡುವಿಲ್ಲದೆ ಮಾತಾಡಿದ ಗಂಡ ಈಗ ಕೈಯಲ್ಲಿದ್ದ ಪಂಚೆಯ ತುದಿಯಿಂದ ಕನ್ನಡಕ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

“ನಮ್ಮ ಕಡೆ ನೋಡಿ ತಲೆ ಬಗ್ಗಿಸ್ದ, ಅಮ್ಮ. ಥ್ಯಾಂಕ್ಸ್ ಅನ್ನೋ ಥರ. ಅವನ ಮನಸ್ಸಲ್ಲಿ ಏನಿತ್ತು ಅಂತ ನಮಗೆ ಸರಿಯಾಗಿ ಗೊತ್ತಾಯ್ತೋ ಇಲ್ವೋ… ನಂಗೆ ಇವತ್ತಿಗೂ ಗೊತ್ತಿಲ್ಲ.”

ಇಷ್ಟು ಮಾತಿನ ರಾಶಿಯಲ್ಲಿ ಇದೊಂದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ವಸುಧಾಳಿಗೆ ಏನನ್ನಿಸಿತೋ, ಅವನು ಅಷ್ಟು ಕಷ್ಟಪಟ್ಟು ಕಟ್ಟಿದ ವಾದವನ್ನು ಒಂದೇ ಮಾತಿಗೆ ಕೆಡವಿಬಿಟ್ಟಳು.

“ನಂಗೆ ಗೊತ್ತಿತ್ತು.”

“ಏನ ಗೊತ್ತಿತ್ತ?” ಎಂದಳು ಬಂಗಾರೆವ್ವ.

“ಉಪ್ಪು. ಮಜ್ಜಿಗೆಲಿ ಉಪ್ಪಿತ್ತು ಅವ್ವ. ನೆಕ್ಕಿ ನೋಡಿದ್ದೆ. ಗೊತ್ತಿದ್ದೂ ಹಾಕ್ದೆ.”

“ಅಬ್ಜೆಕ್ಷನ್!” ಕನ್ನಡಕ ಮೂಗಿನ ಮೇಲೆ ಕೂರುವ ಮೊದಲೇ ಶಿವಪ್ರಸಾದ ಕೂಗಿದ. “ವಸೂ, ಬಾಯ್ಮುಚ್ಕೋ! ಇದು ಸೀದಾ ಸೆಕೆಂಡ್ ಡಿಗ್ರಿಗೆ ಹೋಗುತ್ತೆ!”

“ಹೋಗ್ಲಿ ಬಿಡ್ರೀ! ಸತ್ತರೆ ಸಾಯಿ ಅಂತಾನೂ ಅಂದೆ. ಬಾಯಿಬಿಟ್ಟು ಅಂದೆ.” ತಡೆದು ತಡೆದು ಇಟ್ಟುಕೊಂಡದ್ದು ಈಗ ಕಟ್ಟೆಯೊಡೆದಿತ್ತು. “ಜ್ವರ ಬಂದಿತ್ತು ಅವ್ವ ನಂಗೆ. ಗಂಟಲು ಹೊರಡ್ತಿರ್ಲಿಲ್ಲ. ನೀವು ಎಲೆ ಹಿಂದೆ ತಿರುಗಿಸಿ ತೋರಿಸು ಅಂದ್ರಿ. ದಿನಾ ಫೋನ್ ಮಾಡಿ ಗಿಡ ಎಲ್ಲಿ, ಗಿಡ ಎಲ್ಲಿ ಅಂದ್ರಿ. ನೀನು ಹೆಂಗಿದ್ದೀಯ ಅಂತ ಒಂದು ದಿನ ಕೇಳಿದ್ರಾ?”

“ಪ್ರೊವೊಕೇಷನ್!” ಶಿವಪ್ರಸಾದನಿಗೆ ಜೀವ ಬಂತು. “ಕೆಣಕಿದ್ದಾರೆ! ಜ್ವರ ಬೇರೆ! ಇದು ವಾಲಂಟರಿ ಮ್ಯಾನ್‌ಸ್ಲಾಟರ್, ಸೆಕೆಂಡ್ ಡಿಗ್ರಿಯಿಂದ ಇಳಿಸ್ಬಹುದು, ಇಳಿಸ್ಬಹುದು!”

“ಆದ್ರ ಅಂಕಲ್,” ಎಂದ ಅನಿಕೇತ, ಫೋನಿನಿಂದ ತಲೆಯೆತ್ತಿ, “ಆಂಟಿ ಮರುದಿನಾನೂ ಹಾಕ್ಯಾರ ಏನು?”

“ಹಾಕಿದೀನಿ ಅನಿಕೇತ. ಪಾತ್ರೆ ಮುಗಿಯೋವರೆಗೂ.”

“ಹಂಗಾದ್ರ ಅಷ್ಟೊತ್ತಿಗೆ ಸಿಟ್ಟು ಆರಿರಬೇಕಲ್ಲ? ಸಿಟ್ಟು ಆರಿದ ಮ್ಯಾಲೆ ಮಾಡಿದ್ದಕ್ಕ ಆ ಮಾಫಿ ಸಿಗತೈತೇನು?”

ಶಿವಪ್ರಸಾದ ಅವನನ್ನು ಮನೆಗೆ ಬಂದು ಉಂಡು ಹೋಗುವಾಗ ಚಪ್ಪಲಿ ಕದ್ದವನನ್ನು ನೋಡುವ ಹಾಗೆ ನೋಡಿದ. “ಸಿಗಲ್ಲ,” ಎಂದ, ಸಣ್ಣ ದನಿಯಲ್ಲಿ. “ಆರೋಕೆ ಟೈಮ್ ಸಿಕ್ಕಿದ್ರೆ ಸಿಗಲ್ಲ. ನೀನು ಯಾವಾಗ ಲಾ ಓದಿದ್ಯಪ್ಪ?”

“ಓದಿಲ್ರಿ. ಲಾಜಿಕ್ ಅಷ್ಟ.”

“ಇಬ್ಬರೂ ಒಂದೀಟು ಬಾಯಿಗೆ ಬೀಗಾ ಹಾಕ್ಕೊಂಡು ಕುಂಡ್ರತೀರೇನು?” ಎಂದಳು ಬಂಗಾರೆವ್ವ. ಇಬ್ಬರೂ ಕೂತರು. ಅವಳು ವಸುಧಾಳ ಕಡೆ ತಿರುಗಿದಳು. “ದಾರಾ ನಾ ನೋಡೀನಿ.”

ವಸುಧಾ ಗಿಡದ ಕಡೆ ತಿರುಗಿದಳು, ದಾರ ಇನ್ನೂ ಅಲ್ಲೇ ಇದೆಯೋ ಎಂಬಂತೆ.

“ಕೆಂಪ ದಾರಾ. ಕರಿಬೇವಿಗೆ ಎಲ್ಲ್ಯಾರ ಕೆಂಪ ದಾರಾ ಬಿಡತೈತೇನು? ಮದವಿ ಮನಿ ಅದು, ನಮ್ಮ ತಮ್ಮನ ಹೇಂತಿ, ಬೀಗತ್ಯಾರು, ಬಳಿ ಇಡಸಾಕಿ, ಎಲ್ಲಾರೂ ಫೋನಿಗೆ ಮುಕರಿ ನೋಡಿದ್ರು. ಬಿದ್ದ ಬಿದ್ದ ನಕ್ಕೀವಿ.” ಹೇಳುವಾಗ ಮಾತ್ರ ಅವಳು ನಗಲಿಲ್ಲ. “ನಕ್ಕು ಮುಗದ ಮ್ಯಾಲೆ ಸಿಟ್ಟ ಬಂತು. ಗಿಡಾ ಹೋದದ್ದಕ್ಕಲ್ಲ. ಗಿಡಾ ಹೋಗತಾವು. ಇಕಿ ನನ್ನ ಮುಂದ ನಾಟಕಾ ಮಾಡ್ಯಾಳ ಅಂತ ಸಿಟ್ಟ. ಅಂದ್ರ ಇಕಿ ನನಗ ಹೆದರತಾಳ. ಹೆದರಾಕಿ ಮನಿಗೆ ಶುಕ್ರವಾರ ಶುಕ್ರವಾರ ಹೋಗಿ ನಾ ಏನ ಮಾಡ್ಲಿ? ಹೋಗೂದ ಬ್ಯಾಡ ಅಂತ ವಿಮಾನದಾಗ ಕುಂತ ಕುಂತ ವಿಚಾರ ಮಾಡೀನಿ.”

ಬೆಳಗಿನಿಂದ ಹೆದರಿದ್ದು ಇದಕ್ಕೇ. ಬಂದೇಬಿಟ್ಟಿತು. ಬಂದ ಮೇಲೆ ವಸುಧಾಳಿಗೆ ವಿಚಿತ್ರವಾದ ಧೈರ್ಯ ಬಂತು.

“ಹೆದರಿಕೆ ಅಲ್ಲ ಅವ್ವ. ಅಂದ್ರೆ, ಹೆದರಿಕೇನೇ. ನೀವು ಬರೋದು ಬಿಟ್ಟರೆ ಅನ್ನೋ ಹೆದರಿಕೆ. ಆದ್ರೆ ನೀವಾದ್ರೂ ಕೇಳ್ಬಹುದಿತ್ತಲ್ಲ, ಹೆಂಗಿದ್ದೀಯ ಅಂತ.”

“ಕೇಳಬೇಕಂದ್ರ ಫೋನ್ ನಿನ್ನ ಕೈಯಾಗ ಇರಬೇಕಲ್ಲವಾ!” ಬಂಗಾರೆವ್ವನ ದನಿ ಮೊದಲ ಸಲ ಏರಿತು. “ಹೋದ ಹೊಸತರಾಗ ಸುಮ್ಮನ ಫೋನ್ ಮಾಡಿದ್ನವಾ. ನಿನ್ನ ಗಂಡ ಇಸಗೊಂಡಾ. ಊರಾಗ ಬಿಸಲ ಎಷ್ಟ, ಇಲ್ಲಿ ಬಿಸಲ ಎಷ್ಟ, ಅದರಾಗ ಎಷ್ಟ ಕಳೀಬೇಕು ಎಷ್ಟ ಕೂಡಸಬೇಕು… ನನ್ನ ಕಿವಿ ಕಾದ ಕೆಂಡಾತು. ಅದಕ್ಕ ಗಿಡಾ ತೋರಸು ಅಂದೆ. ಗಿಡಾ ಅಂದ್ರ ನೀ ಫೋನ್ ಕಸಗೊಂಡು ಕಿಡಕಿ ಕಡೆ ಬರತಿದ್ದಿ. ನಿನಗ ಕ್ಯಾಮೆರಾ ತಿರುವಾಕ ಬರಾಂಗಿಲ್ಲ. ಅರ್ಧಾ ಎಲಿ ಕಾಣತಿತ್ತು, ಅರ್ಧಾ ನಿನ್ನ ಮಾರಿ.”

ಶಿವಪ್ರಸಾದ ಏನೋ ಹೇಳಲು ಹೋಗಿ, ಬಂಗಾರೆವ್ವನ ಕಣ್ಣು ನೋಡಿ, ಪಂಚೆ ಮಡಿಸತೊಡಗಿದ.

“ಮುಖ ಕಾಣ್ತಿತ್ತು ಅಂತೀರಿ,” ಎಂದಳು ವಸುಧಾ. ಮೂಗು ಸೊರಸೊರ ಅನ್ನುತ್ತಿತ್ತು. “ಜ್ವರ ಕಾಣಲಿಲ್ವಾ?”

“ಕಾಣಲಿಲ್ಲ,” ಎಂದಳು ಬಂಗಾರೆವ್ವ. “ಅದು ನನ್ನ ತಪ್ಪ. ಫೋನಿನ್ಯಾಗ ಎಲ್ಲಾರೂ ಹಳದೀನ ಕಾಣತಾರ, ನಾ ಅದನ್ನ ಕಣ್ಣಿಗೆ ಹಾಕ್ಕೊಳ್ಳಲಿಲ್ಲ. ಅಷ್ಟ ಜ್ವರ ಇದ್ದಾಗ ಎಲಿ ಯಾಕ ತಿರುವಿದಿ? ಆಗೂದಿಲ್ಲ ಅನ್ನಬೇಕಿಲ್ಲೋ? ಹುಚ್ಚಿ. ಬಾಯಿಲ್ಲದಾಕಿ. ಮಾತಾಡೂದು ಗಂಡಗ ಬಿಟ್ಟು ಗಿಡಕ್ಕ ಉಪ್ಪ ಹಾಕತಾಳಂತ!”

ಬೈಗುಳ. ವಸುಧಾ ಸೆರಗಿಲ್ಲದ್ದರಿಂದ ಕುರ್ತಾದ ತೋಳಿನಿಂದ ಕಣ್ಣೊರೆಸಿಕೊಂಡಳು.

“ಹಾಗಾದ್ರೆ ತೀರ್ಪು?” ಎಂದ ಶಿವಪ್ರಸಾದ. ಅವನಿಂದ ತಡೆಯಲಾಗಲಿಲ್ಲ.

ಬಂಗಾರೆವ್ವ ಎದ್ದು ಗಿಡದ ಹತ್ತಿರ ಹೋದಳು. ಒಂದು ಕೊಂಬೆ ಹಿಡಿದಳು; ಅದು ಚಟಕ್ಕನೆ ಮುರಿದು ಕೈಗೆ ಬಂತು. “ಶುಕ್ರವಾರ ನಾ ಇಲ್ಲಿಗೆ ಬರಾಂಗಿಲ್ಲ,” ಎಂದಳು.

ವಸುಧಾ ತಲೆಯಾಡಿಸಿದಳು.

“ನೀನ ಅಲ್ಲಿಗೆ ಬಾ. ರೈಲ ಹತ್ತಿ ಬಾ. ಸ್ಟೇಷನ್ನಿಂದ ನಮ್ಮ ಮನಿ ನಡಕೊಂಡು ಬರೂವಷ್ಟ. ಹೊಸಾ ಸಸಿ ತರಸ್ತೇನಿ. ಮಣ್ಣ ನೀ ಕಲಸಬೇಕ, ನೀರ ನೀ ಹಾಕಬೇಕ. ಇದರಷ್ಟ ಎತ್ತರಾಗೂತನಕ ಒಂದ ಶುಕ್ರವಾರನೂ ತಪ್ಪಬಾರದ.”

“ಇಷ್ಟೆತ್ತರ ಆಗೋಕೆ ಎಷ್ಟು ವರ್ಷ ಬೇಕು ಅವ್ವ?”

“ಈ ಥಂಡ್ಯಾಗ? ಅದ ಮನಸ ಮಾಡಿದಾಗ ಆಗತೈತಿ. ನಾ ಇರೂತನಕ ಆದ್ರ ಪುಣ್ಯಾ.”

“ಅಲ್ಲ, ಇದು ಜೀವಾವಧಿ ಶಿಕ್ಷೆ!” ಎಂದ ಶಿವಪ್ರಸಾದ. “ಪೆರೋಲೂ ಇಲ್ಲ!” ಆಮೇಲೆ, ಎರಡು ಹೆಜ್ಜೆ ಮುಂದೆ ಬಂದು, ಸ್ವಲ್ಪ ಆಸೆಯಿಂದ, “ನಾನೂ ಬರ್ಲಾ ಅಮ್ಮ? ಪಾತ್ರೆಗೆ ಉಪ್ಪು ಸುರಿದಿದ್ದು ನಾನಲ್ವಾ? ನಂಗೂ ಶಿಕ್ಷೆ ಆಗ್ಬೇಕು ತಾನೇ?”

“ಬ್ಯಾಡ,” ಎಂದಳು ಬಂಗಾರೆವ್ವ. “ಎಳೀ ಸಸಿ ಅದು. ನಿನ್ನ ಮಾತ ತಡಕೊಳ್ಳಾಂಗಿಲ್ಲ.”

ಕುಂಡ ತನ್ನದು, ಅದನ್ನು ಇಲ್ಲಿ ಬಿಡುವುದಿಲ್ಲ ಎಂದು ಅವಳು ಹಟ ಹಿಡಿದದ್ದರಿಂದ ಅನಿಕೇತ ಒಣಗಿದ ಗಿಡದ ಸಮೇತ ಅದನ್ನು ಎತ್ತಿಕೊಂಡು, ಏದುಸಿರು ಬಿಡುತ್ತ ಕೆಳಗೆ ಒಯ್ದು, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದ. ಬಂಗಾರೆವ್ವ ಹಿಂದೆ ಕೂತು, ಕೋಟನ್ನು ಮೊಣಕಾಲ ಮೇಲೆ ಹರಡಿಕೊಂಡಳು. ವಸುಧಾ, ಶಿವಪ್ರಸಾದ ಇಬ್ಬರೂ ಫುಟ್‌ಪಾತಿನಲ್ಲಿ ನಿಂತಿದ್ದರು. ಕಾರು ಶುರುವಾಯಿತು, ಟಣ್ ಟಣ್ ಎಂದು ಹೊಡೆದುಕೊಳ್ಳತೊಡಗಿತು. ಅನಿಕೇತ ಬಾಗಿಲುಗಳನ್ನು ನೋಡಿದ, ತಾಯಿಯ ಬೆಲ್ಟು ನೋಡಿದ, ತನ್ನ ಬೆಲ್ಟು ನೋಡಿದ. ಸದ್ದು ನಿಲ್ಲಲಿಲ್ಲ. ಕೊನೆಗೆ ಇಳಿದು, ಕಾರಿನ ಮುಂದಿನಿಂದ ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದು, ಸೀಟ್‌ಬೆಲ್ಟನ್ನು ಸತ್ತ ಕರಿಬೇವಿನ ಮೇಲೆ ಎಳೆದು ಕಚ್ಚಿಸಿದ. ಟಣ್ ಟಣ್ ನಿಂತಿತು. ಕಾರು ನಿಧಾನವಾಗಿ ಸೇತುವೆಯ ದಾರಿ ಹಿಡಿಯಿತು.